ತೊಲೆ ತಟ್ಟಿ ನೋಡಿ



ಇವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರಬಹುದು. ನಾನು ಮಾತಾಡುವುದು ಗೆದ್ದಲಿನ ಬಗ್ಗೆ.

ನಮ್ಮೂರ ಪುಷ್ಕರಣಿಯ ಮಂಟಪ ನೂರಾರು ವರ್ಷಗಳಿಂದ ನೀರಿನ ನಡುವೆಯೇ ನಿಂತಿದೆ. ಕಲ್ಲಿಗೆ ಆ ಶಕ್ತಿ ಇದೆ, ಮರಕ್ಕಿಲ್ಲ. ಇದನ್ನು ನಾನು ಕಲಿತದ್ದು ಅಜ್ಜನ ಮನೆಯ ತೊಲೆಯಿಂದ.

ತೊಲೆಯ ತುದಿ ಕಪ್ಪಾಗಿದೆ ಎಂದು ಅಪ್ಪ ಫೋನ್ ಮಾಡಿದಾಗ, ಬೆಂಗಳೂರಿನಲ್ಲೇ ಕುಳಿತು "ಪೇಂಟ್ ಹೊಡೆಸಿ" ಎಂದು ದುಡ್ಡು ಕಳಿಸಿದೆ. ಎರಡು ಮಳೆಗಾಲ ಕಳೆದ ಮೇಲೆ ಹಬ್ಬಕ್ಕೆ ಬಂದೆ. ಬಡಗಿ ಮಾವ ಸುತ್ತಿಗೆಯಿಂದ ತೊಲೆ ತಟ್ಟಿದರು. ಟೊಳ್ಳು ಸದ್ದು. ಉಳಿ ಒತ್ತಿದರೆ ಸಲೀಸಾಗಿ ಒಳಹೋಯಿತು. "ಬಣ್ಣ ಚೆನ್ನಾಗೈತೆ, ಮರನೇ ಇಲ್ಲ ಕಣಪ್ಪ" ಎಂದರು. ಆ ತೊಲೆಯ ಕೆಳಗೇ ಅಜ್ಜಿಯ ಮಂಚವಿತ್ತು.

ಒಡೆದ ಹೆಂಚಿನಿಂದ ನೀರು ಇಳಿಯುತ್ತಿತ್ತು. ಒದ್ದೆ ಮರಕ್ಕೆ ಬಣ್ಣ ಬಳಿದರೆ ತೇವ ಒಳಗೇ ಉಳಿಯುತ್ತದೆ. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯದು. ಹಾಗಾಗಿ ಮೊದಲ ಮದ್ದು ಸೋರಿಕೆ ನಿಲ್ಲಿಸುವುದು, ಮರ ಒಣಗಿಸುವುದು. ಬಣ್ಣ ಆಮೇಲೆ.

ಗೆದ್ದಲು ನೆಲದಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಬರುತ್ತದೆ. ಹಳೆಯ ಮನೆಗಳಲ್ಲಿ ಕಂಬದ ಬುಡಕ್ಕೆ ಕಲ್ಲು ಇರುತ್ತದಲ್ಲ, ಅದು ಮರವನ್ನು ಮಣ್ಣಿನಿಂದ ದೂರ ಇಡುತ್ತದೆ. ಗೆದ್ದಲು ಕಲ್ಲು ಹತ್ತಿದರೂ ಕಣ್ಣಿಗೆ ಬೀಳುತ್ತದೆ. ಕೊಳವೆ ಕಂಡರೆ ಕೆರೆದು ಸುಮ್ಮನಾಗಬೇಡಿ, ಅದು ಬಂದ ದಾರಿ ಹುಡುಕಿ. ಮರದಿಂದ ಹಿಟ್ಟು ಉದುರಿದರೆ ಅದು ಕುಟ್ಟೆ ಹುಳು. ತೇಗ, ಹೊನ್ನೆಯ ಚೇಗು ಬಾಳುತ್ತದೆ. ಅದೇ ಮರದ ಬಿಳಿ ಭಾಗ ಬಾಳದು. ಬಾಗಿಲು ಕೊಳ್ಳುವಾಗ ಇದನ್ನು ನೋಡಿ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಮನೆಯೊಳಗಿನ ಮರಕ್ಕೆ ಒಳ್ಳೆಯದು, ಆದರೆ ಮಳೆಗೆ ತೊಳೆದುಹೋಗುತ್ತದೆ.

1930ರ ದಶಕದಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ಸಂರಕ್ಷಕ ಕಂಡುಹಿಡಿದರು. ಜಗತ್ತಿನ ಎಷ್ಟೋ ಕಡೆ ಮರದ ವಿದ್ಯುತ್ ಕಂಬಗಳಿಗೆ ಅದನ್ನು ಬಳಸಿದರು. ಆರ್ಸೆನಿಕ್ ವಿಷ, ಅಂಥ ಮರವನ್ನು ಒಲೆಗೆ ಹಾಕಬಾರದು. ಬೆಂಗಳೂರಿನ ಮಲ್ಲೇಶ್ವರದಲ್ಲೂ ಮರದ ಬಗ್ಗೆಯೇ ಸಂಶೋಧನೆ ನಡೆಸುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಎಷ್ಟೋ ವರ್ಷ ಅದರ ಮುಂದೆಯೇ ಬಸ್ಸಿನಲ್ಲಿ ಓಡಾಡಿದ ನನಗೆ ಗೊತ್ತಿರಲಿಲ್ಲ.

ತೊಲೆ ಬದಲಾಯಿಸಿದೆವು. ಅಜ್ಜಿ ಈಗ ಅಲ್ಲೇ ಮಲಗುತ್ತಾರೆ. ಮಕ್ಕಳೇ, ಇವತ್ತು ಮನೆಗೆ ಹೋದವರೇ ಹೊಸ್ತಿಲು, ಕಂಬ ತಟ್ಟಿ ನೋಡಿ. ತೊಳೆದ ಹೊಸ್ತಿಲನ್ನು ಒಣಬಟ್ಟೆಯಲ್ಲಿ ಒರೆಸಿ. ದೂರದಲ್ಲಿ ಕೆಲಸ ಮಾಡುವ ನನ್ನಂಥವರಿಗೂ ಒಂದು ಮಾತು: ದುಡ್ಡು ಕಳಿಸುವ ಮೊದಲು ಒಮ್ಮೆ ಊರಿಗೆ ಬಂದು ನೋಡಿ.