ಬರೆದ ಸ್ವರ, ನುಡಿಸುವ ಕೈ

ಉಡುತಡಿಯ ಅಕ್ಕಮಹಾದೇವಿಯ ವಚನವೊಂದು ಮಲ್ಲಿಕಾರ್ಜುನ ಮನ್ಸೂರರ ಕಂಠದಲ್ಲಿ ಒಂದು ಬಗೆಯಾಗಿಯೂ ಬೇರೊಬ್ಬ ಗಾಯಕರ ಕಂಠದಲ್ಲಿ ಮತ್ತೊಂದು ಬಗೆಯಾಗಿಯೂ ಕೇಳಿಬರುವುದು ಶಿಕಾರಿಪುರ, ಸೊರಬ ಸೀಮೆಯ ಶ್ರೋತೃಗಳಾದ ತಮಗೆ ಸೋಜಿಗವೆನಿಸದು. ವಚನದೊಡನೆ ರಾಗವಾಗಲಿ ತಾಳವಾಗಲಿ ಬರೆದು ಬಂದಿಲ್ಲವಾದ ಕಾರಣ, ಅವನ್ನು ನಿಶ್ಚಯಿಸುವ ಅಧಿಕಾರ ಹಾಡುವವರದೇ ಆಗಿದೆ. ಆದರೆ ಪಾಶ್ಚಾತ್ಯರ ಪಿಯಾನೊ ಕೃತಿಯಲ್ಲಿ ಪ್ರತಿಯೊಂದು ಸ್ವರವೂ, ಅದರ ಕಾಲಪ್ರಮಾಣವೂ, ಏರುದನಿ ಇಳಿದನಿಗಳ ಸೂಚನೆಯೂ ಕಾಗದದ ಮೇಲೆಯೇ ಇರುವಾಗ ನುಡಿಸುವವನಿಗೆ ಉಳಿಯುವುದೇನು?

ಉಳಿಯುವುದು ಅಲ್ಪವೇನಲ್ಲ. ಬೀಥೋವನನ 'ಹ್ಯಾಮರ್‌ಕ್ಲಾವಿಯರ್' ಸೊನಾಟದ ಮೊದಲ ಭಾಗಕ್ಕೆ ಆತನೇ ಗೊತ್ತುಮಾಡಿದ ವೇಗ ನಿಮಿಷಕ್ಕೆ 138 ಅರ್ಧಸ್ವರಗಳಷ್ಟು. ಬೆರಳುಗಳಿಗೆ ಬಹುಮಟ್ಟಿಗೆ ಅಸಾಧ್ಯವೆನ್ನಬಹುದಾದ ವೇಗವದು. 1930ರ ದಶಕದಲ್ಲಿ ಬೀಥೋವನನ 32 ಸೊನಾಟಗಳನ್ನೂ ಮೊತ್ತಮೊದಲು ಧ್ವನಿಮುದ್ರಿಸಿದ ಆರ್ಟುರ್ ಶ್ನಾಬೆಲ್ ಆ ಆಜ್ಞೆಯನ್ನು ಶಿರಸಾವಹಿಸಿ, ಅಲ್ಲಲ್ಲಿ ಸ್ವರಗಳು ಕೈತಪ್ಪಿದರೂ ಲೆಕ್ಕಿಸದೆ, ಸುಮಾರು 9 ನಿಮಿಷಗಳಲ್ಲಿ ಅದನ್ನು ಮುಗಿಸಿಬಿಡುತ್ತಾನೆ. ಅರ್ಧಶತಮಾನದ ತರುವಾಯ ಎಮಿಲ್ ಗಿಲೆಲ್ಸ್ ಅದಕ್ಕೇ 12 ನಿಮಿಷಗಳಷ್ಟು ವ್ಯಯಿಸಿ, ಒಳದನಿಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ತೋರುತ್ತಾನೆ. ನಿರ್ದುಷ್ಟತೆ ಗಿಲೆಲ್ಸನದೇ ಸರಿ. ಆದರೂ ನನ್ನ ಮನಸ್ಸು ವಾಲುವುದು ಶ್ನಾಬೆಲನ ಕಡೆಗೆ, ಏಕೆಂದರೆ ಶಕ್ತಿಮೀರಿದ ಸಾಹಸವೇ ಆ ಭಾಗದ ಜೀವಾಳವೆಂದು ನನಗೆ ತೋರುತ್ತದೆ.

ಹಾಗಾದರೆ ಕರ್ತೃವೇ ನುಡಿಸಿಟ್ಟಲ್ಲಿ ವಿವಾದ ತೀರೀತೇ? ಇದಕ್ಕೆ ನಮ್ಮ ಸೀಮೆಯೂ ಸೇರಿದ್ದ ಮೈಸೂರು ಸಂಸ್ಥಾನದಿಂದಲೇ ನಿದರ್ಶನವೊಂದು ದೊರೆಯುತ್ತದೆ. ಸ್ವತಃ ಪಿಯಾನೊ ವಾದಕರಾಗಿದ್ದ ಜಯಚಾಮರಾಜ ಒಡೆಯರು, ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ಸಂಗೀತಕರ್ತೃ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಆತನ ಕೈಯಿಂದಲೇ ನುಡಿಸಿ ಮುದ್ರಿಸಲೆಂದು, 1940ರ ದಶಕದ ಉತ್ತರಾರ್ಧದಲ್ಲಿ ಮೆಟ್ನರ್ ಸೊಸೈಟಿಗೆ ಧಾರಾಳವಾಗಿ ದ್ರವ್ಯಸಹಾಯವಿತ್ತರು. ಆತನಾದರೋ ಪಿಯಾನೊ ಹಾಗೂ ವಾದ್ಯವೃಂದಕ್ಕಾಗಿ ರಚಿಸಿದ ತನ್ನ ಮೂರನೆಯ ಕಂಚೆರ್ಟೊವನ್ನು ಒಡೆಯರಿಗೆ ಅರ್ಪಿಸಿದನು. ಆ ಗ್ರಾಮಫೋನ್ ಪ್ಲೇಟುಗಳಿಗೆ ಕರ್ತೃವಿನ ಸಾಕ್ಷ್ಯವೆಂಬ ಗೌರವ ಸಲ್ಲತಕ್ಕದ್ದೇ. ಆದರೆ ಎಪ್ಪತ್ತರ ಸಮೀಪದಲ್ಲಿದ್ದು ಹೃದ್ರೋಗದಿಂದ ಜರ್ಜರಿತವಾಗಿದ್ದ ದೇಹದ ಅಂದಿನ ಶಕ್ತಿಯೂ ಅಶಕ್ತಿಯೂ ಅವುಗಳಲ್ಲಿ ಬೆರೆತಿವೆಯಾದ್ದರಿಂದ, ಮುಂದೆ ಅದೇ ಕಂಚೆರ್ಟೊವನ್ನು ಮುದ್ರಿಸಿದ ನಿಕೊಲಾಯ್ ಡೆಮಿಡೆಂಕೊ, ಜೆಫ್ರಿ ಟೋಝರ್ ಮೊದಲಾದವರು ಆತನ ನಡೆಯನ್ನೇ ಅನುಸರಿಸತಕ್ಕದ್ದೆಂಬ ಕಟ್ಟಳೆಯೇನೂ ಇರಲಿಲ್ಲ. ಅವರು ಅನುಸರಿಸಲೂ ಇಲ್ಲ.