ಚೆನ್ನೈ ತಾರಸಿ ಮೇಲೆ ಒಬ್ಬರ ಟೆಂಟು



ಹಗುರ ಟೆಂಟುಗಳ ಬಗ್ಗೆ ನಾವು ನೋಡೋ ವಿಡಿಯೋಗಳಲ್ಲಿ ಹೆಚ್ಚಿನವು ಚಳಿ ದೇಶದವು. ಅವರ ಚಿಂತೆ ಹಿಮ. ಚೆನ್ನೈಯಲ್ಲಿರೋ ನಮ್ಮ ಚಿಂತೆ ಸೆಕೆ, ಸೊಳ್ಳೆ, ಆಮೇಲೆ ಒಮ್ಮೆಗೇ ಸುರಿಯೋ ಮಳೆ.

ನನಗೀಗ ಐವತ್ತೆರಡು. ಮಂಡಿ ನೋಡಿದ ಡಾಕ್ಟರು ಹೇಳಿದ್ದು ಒಂದೇ ಮಾತು: ಬೆನ್ನಿನ ಹೊರೆ ಇಳಿಸಿ, ಇಲ್ಲಾಂದ್ರೆ ಬೆಟ್ಟ ಬಿಡಿ. ಹಾಗಾಗಿ ನನಗೆ ಒಂದೊಂದು ಗ್ರಾಮೂ ಲೆಕ್ಕವೇ. ಆದರೂ ಕೊನೆಗೆ ನಾನು ಆರಿಸಿಕೊಂಡದ್ದು ಎರಡರಲ್ಲಿ ಭಾರದ್ದನ್ನೇ. ಯಾಕೆ ಅಂತ ಹೇಳ್ತೀನಿ.

ಚೀಟಿ ಮೇಲಿನ ತೂಕವನ್ನ ಹಾಗೇ ನಂಬಬೇಡಿ. ಗೂಟ, ಹಗ್ಗ, ಚೀಲ ಬಿಟ್ಟು ತೂಕ ಹೇಳೋದುಂಟು. ಕೆಲವು ಟೆಂಟುಗಳಿಗೆ ನಿಮ್ಮ ಟ್ರೆಕ್ಕಿಂಗ್ ಕೋಲೇ ಕಂಬ. ಕೋಲು ಹಿಡಿಯದವರು ಅದರ ತೂಕಾನೂ ಸೇರಿಸ್ಕೋಬೇಕು. ಎಲ್ಲ ಸೇರಿಸಿ ಅಡುಗೆಮನೆ ತಕ್ಕಡಿಯಲ್ಲಿ ಇಟ್ಟಾಗ ಗೆಳೆಯನ ಒಂದು ಪದರದ ಟೆಂಟು 900 ಗ್ರಾಂ ಬಂತು, ಎರಡು ಪದರದ್ದು 1,250.

ನವೆಂಬರಿನಲ್ಲಿ ಎರಡನ್ನೂ ನಮ್ಮ ತಾರಸಿ ಮೇಲೆ ಹಾಕಿ ಮಲಗಿದೆ. ಚೆನ್ನೈಯ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರಿನಿಂದ ಡಿಸೆಂಬರಿನೊಳಗೇ ಬೀಳೋದು, ಪರೀಕ್ಷೆಗೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. (ಪಕ್ಕದ ಮನೆ ಮಾಮಿ ನಮ್ಮ ಮನೆಯಾಕೆಯನ್ನ ಕರೆದು, 'ಏನಮ್ಮಾ, ಜಗಳವಾ?' ಅಂತ ಮೆಲ್ಲಗೆ ವಿಚಾರಿಸಿದ್ರು.) ಕಾಂಕ್ರೀಟಿಗೆ ಗೂಟ ಇಳಿಯೋದಿಲ್ಲ. 20 ಲೀಟರಿನ ನೀರಿನ ಕ್ಯಾನುಗಳಿಗೆ ಹಗ್ಗ ಕಟ್ಟಿದೆ. ಅಲ್ಲೇ ಒಂದು ವಿಷಯ ಗೊತ್ತಾಯ್ತು: ಗೂಟವಿಲ್ಲದೆ ನಿಲ್ಲದ ಟೆಂಟು ನಾಗಲಾಪುರದಂಥ ಬಂಡೆ ಜಾಗದಲ್ಲಿ ಪೇಚಾಟ.

ಈಗ ಮುಖ್ಯ ವಿಷಯ. ಮಲಗಿದಾಗ ನಮ್ಮ ಉಸಿರಿನಿಂದ, ಬೆವರಿನಿಂದ ಹೊರಡೋ ತೇವ ಎಲ್ಲಿಗೆ ಹೋಗ್ಬೇಕು? ಒಣ ಹವೆಯ ಊರಿನಲ್ಲಿ ಬಾಗಿಲು ತೆರೆದಿಟ್ರೆ ಹೊರಗೆ ಹೋಗುತ್ತೆ. ಇಲ್ಲಿಯ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತೆ. ಆ ತೇವ ಬಟ್ಟೆಯ ಒಳಮೈಗೆ ಹನಿಗಟ್ಟಿ ಮುಖದ ಮೇಲೇ ತೊಟ್ಟಿಕ್ಕುತ್ತೆ. ಬೆಳಿಗ್ಗೆ ಎದ್ದು ಜನ 'ಟೆಂಟು ಸೋರ್ತು' ಅಂತಾರೆ. ಸೋರಿದ್ದಲ್ಲ ಅದು, ಅವರದೇ ಉಸಿರು! ಹಗುರ ಟೆಂಟಿನಲ್ಲಿ ಮೂರು ಗಂಟೆಗೆಲ್ಲ ನನ್ನ ಹೊದಿಕೆ ಒದ್ದೆ. ಇನ್ನೊಂದರಲ್ಲಿ ಒಳಗಡೆ ಸೊಳ್ಳೆಪರದೆ, ಅದರಿಂದ ಒಂದು ಗೇಣು ಬಿಟ್ಟು ಹೊರ ಹೊದಿಕೆ. ಹನಿ ಹೊರ ಹೊದಿಕೆಗೇ ಅಂಟಿ ಕೆಳಗೆ ಜಾರುತ್ತೆ, ನಡುವೆ ಗಾಳಿ ಆಡುತ್ತೆ. ನಿದ್ದೆ ಬಂತು. ನಿದ್ದೆಗೆಟ್ಟ ಕಾಲಿನಲ್ಲಿ ಒದ್ದೆ ಬಂಡೆ ಇಳಿಯೋದಕ್ಕಿಂತ 350 ಗ್ರಾಂ ಹೊರೋದು ನನ್ನ ಮಂಡಿಗೆ ಮೇಲು.

ಬಟ್ಟೆಯ ಮೇಲೆ 1,500 ಮಿ.ಮೀ., 3,000 ಮಿ.ಮೀ. ಅಂತ ಬರೆದಿರೋದು ಮಳೆಯ ಲೆಕ್ಕ ಅಲ್ಲ. ಅಷ್ಟೆತ್ತರದ ನೀರಿನ ಕಂಬ ನಿಲ್ಲಿಸಿದರೂ ಬಟ್ಟೆ ತಡೆಯುತ್ತೆ ಅಂತ ಅರ್ಥ. ನೆಲದ ಬಟ್ಟೆಗೆ ಈ ಸಂಖ್ಯೆ ಹೆಚ್ಚಿರಲಿ, ಮೊಣಕಾಲೂರಿದಾಗ ಅಲ್ಲೇ ಒತ್ತಡ. ನೈಲಾನ್ ಒದ್ದೆಯಾದ್ರೆ ಜೋಲುತ್ತೆ, ಮಧ್ಯರಾತ್ರಿ ಎದ್ದು ಹಗ್ಗ ಬಿಗೀಬೇಕು. ಪಾಲಿಯೆಸ್ಟರ್ ಅಷ್ಟು ಜೋಲೋದಿಲ್ಲ.

ಒಬ್ಬರ ಟೆಂಟು ಅಂದ್ರೆ ಒಬ್ಬರೇ ಕಾಡಿಗೆ ನುಗ್ಗೋದು ಅಂತಲ್ಲ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರನ್ನ ಕಾಳ್ಗಿಚ್ಚು ಸುತ್ತಿತು. 20ಕ್ಕೂ ಹೆಚ್ಚು ಜನ ಸತ್ತರು. ಚೆನ್ನೈಯಿಂದ ಹೋದವರೂ ಅದರಲ್ಲಿದ್ರು. ಆಮೇಲೆ ತಮಿಳುನಾಡಿನಲ್ಲಿ ನಿಯಮ ಬಿಗಿಯಾಯ್ತು, ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಟೆಂಟು ಹಾಕೋಕೆ ಬಿಡ್ತಾರಾ ಅಂತ ಹೊರಡೋ ಮುಂಚೆಯೇ ಕೇಳಿ. ಟೆಂಟಿನೊಳಗೆ ಒಲೆ ಮಾತ್ರ ಹಚ್ಚಲೇಬೇಡಿ.

ಮನೆಗೆ ಬಂದ ದಿನವೇ ನೆರಳಲ್ಲಿ ಹರವಿ ಒಣಗಿಸಿ. ಒದ್ದೆಯಾಗೇ ಮಡಿಚಿಟ್ರೆ ಒಳಗಿನ ಪಾಲಿಯುರಿಥೇನ್ ಲೇಪನ ಈ ಊರಿನ ಸೆಕೆಗೆ ಅಂಟಂಟಾಗಿ, ವಾಸನೆ ಬಂದು, ಪದರ ಪದರವಾಗಿ ಏಳುತ್ತೆ. ನಮ್ಮನೇಲಿ ಅದು ಚೀಲದಲ್ಲಿ ಇರೋದಿಲ್ಲ, ಹಳೇ ಹತ್ತಿ ದಿಂಬಿನ ಕವರಿನಲ್ಲಿ ಸಡಿಲವಾಗಿ ಕಪಾಟಿನ ಮೇಲೆ ಕೂತಿರುತ್ತೆ.