ಉಣ್ಣುವ ಹೊತ್ತು, ದಣಿಯುವ ಹೊತ್ತು



ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ನಸುಕಿನಲ್ಲೇ ವ್ಯಾಯಾಮಕ್ಕೆ ಬರುವವರುಂಟು. ಒಳ್ಳೆಯದು. ಆದರೆ ಹೊಟ್ಟೆತುಂಬ ಉಂಡೊಡನೆ ಓಡಬಾರದು. ಜಠರವೂ ರಕ್ತ ಬೇಡುತ್ತದೆ, ಕಾಲುಗಳೂ ಬೇಡುತ್ತವೆ. ಈ ಜಗ್ಗಾಟದಲ್ಲಿ ಅನ್ನ ಪಚನವಾಗದು. ಎರಡು ಮೂರು ತಾಸು ತಡೆಯಿರಿ. ಮೆಲ್ಲನೆ ಅಡ್ಡಾಡುವುದಕ್ಕೆ ಅಡ್ಡಿಯಿಲ್ಲ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಅಜೀರ್ಣವುಳ್ಳವರಿಗೆ ವ್ಯಾಯಾಮವನ್ನೇ ನಿಷೇಧಿಸಿದ್ದಾರೆ. ಬಲವಂತರಿಗೂ ಅರ್ಧಶಕ್ತಿ ಸಾಕು, ಬೇಸಿಗೆಯಲ್ಲಿ ಇನ್ನೂ ಕಡಿಮೆ ಎಂದಿದ್ದಾರೆ. ನಮ್ಮ ಬಿಸಿಲನಾಡಿಗೆ ಹೇಳಿದಂತಿದೆ ಆ ಮಾತು.

ಲಿಂಗಪೂಜೆಯಾಗದೆ ಬಾಯಿಗೆ ಏನೂ ಹಾಕೆವೆಂಬುದು ನಿಮ್ಮ ನಿಷ್ಠೆ. ಆದರೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಕೆಲವು ಗುಳಿಗೆ ನುಂಗುವವರು ಬರಿಹೊಟ್ಟೆಯಲ್ಲಿ ಬಹುದೂರ ನಡೆದರೆ ರಕ್ತದ ಸಕ್ಕರೆ ಕುಸಿದು, ಬೆವರಿ, ನಡುಗಿ, ಎಚ್ಚರ ತಪ್ಪಬಹುದು, ಪ್ರಾಣಕ್ಕೇ ಸಂಚಕಾರ. ಅಂಥವರು ತಮ್ಮ ವೈದ್ಯರನ್ನು ಕೇಳಿ, ಪೂಜೆಯನ್ನು ಮುಂಚೆಯೇ ಮುಗಿಸಿ, ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣಿನಲ್ಲಿ ಅರ್ಧವನ್ನಾದರೂ ಲಿಂಗಕ್ಕೆ ಅರ್ಪಿಸಿ, ಪ್ರಸಾದವಾಗಿ ಸ್ವೀಕರಿಸಿ ಹೊರಡಲಿ. ದಾರಿಯಲ್ಲಿ ನಡುಕ ಬಂದರೆ ಯಾವ ನೇಮಕ್ಕೂ ಕಾಯಬೇಡಿ. ಕೂಡಲೇ ಸಕ್ಕರೆ ತಿನ್ನಿರಿ. ಅದು ನೇಮಭಂಗವಲ್ಲ. ಲಿಂಗವನ್ನು ಧರಿಸಿದ ಈ ಕಾಯವನ್ನು ಕಾಯುವುದೂ ಲಿಂಗಪೂಜೆಯೇ. ಕಾಯ ಬಿದ್ದರೆ ಕಾಯಕವೆಲ್ಲಿ, ದಾಸೋಹವೆಲ್ಲಿ?